ಪೈಪಿನ ಮಾನ

ನಮ್ಮೂರ ಸಾಹುಕಾರರು ಹೊಸ ಮನೆ ಕಟ್ಟಿಸುತ್ತಿದ್ದಾರೆ. ಮೊನ್ನೆ ಆ ಕಡೆ ಹೋದಾಗ ಹಸಿ ಆರ್‌ಸಿಸಿಗೆ ಕ್ಯೂರಿಂಗ್ ನೀರು ಬಿಡುತ್ತಿದ್ದರು. ನೀರು ಬರುತ್ತಿದ್ದುದು ಸಬ್ಸಿಡಿಯ ಸ್ಪ್ರಿಂಕ್ಲರ್ ಪೈಪಿನಲ್ಲಿ. ಪಕ್ಕದ ಸಿಮೆಂಟ್ ಮೂಟೆಗಳಿಗೆ ಹೊದಿಸಿದ್ದು, ರೈತ ಸಂಪರ್ಕ ಕೇಂದ್ರದಲ್ಲಿ 'ಸ್ಟಾಕ್ ಖಾಲಿ' ಎಂದು ನಮ್ಮನ್ನು ವಾಪಸ್ ಕಳಿಸಿದ್ದರಲ್ಲ, ಅದೇ ಟಾರ್ಪಾಲು. ಬೆಳೆ ಹುಲುಸಾಗಿದೆ. ಈಗಾಗಲೇ ಎರಡನೇ ಮಹಡಿಗೆ ಬಂದಿದೆ.

ನಮ್ಮ ಬೀದಿಯ ಅಜ್ಜಿಗೆ ಇರುವುದು ಮೂವತ್ತು ಗುಂಟೆ. ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಕಳೆ ಕಿತ್ತು ಕಿತ್ತು ಹೆಬ್ಬೆರಳ ಗೆರೆ ಸವೆದಿರುವುದರಿಂದ ಇ-ಕೆವೈಸಿ ಯಂತ್ರಕ್ಕೆ ಆಕೆ ಆಕೆಯೇ ಎಂಬ ನಂಬಿಕೆ ಇಲ್ಲ. ಜಾಲತಾಣಕ್ಕೆ ಮಾತ್ರ ಆ ಅನುಮಾನವಿಲ್ಲ: ಜಿಲ್ಲೆ, ತಾಲ್ಲೂಕು, ಊರು ಒತ್ತಿದರೆ ಅಜ್ಜಿಯ ಹೆಸರು ಹಾಜರ್. "ದುಡ್ಡು ಬಂದಿದ್ದು ಊರಿಗೆಲ್ಲಾ ಗೊತ್ತು ಕಣಪ್ಪ, ಗೊತ್ತಿಲ್ದೇ ಇದ್ದೋಳು ನಾನೊಬ್ಳೇ" ಅನ್ನುತ್ತಾಳೆ. ಆ ಎರಡು ಸಾವಿರ ಬಂದ ದಿನವೇ ಕೈಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ.

ಹೆಸರು ಹಾಕಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಇದೇ ಯೋಜನೆಯಲ್ಲಿ 42 ಲಕ್ಷಕ್ಕೂ ಹೆಚ್ಚು ಅನರ್ಹರು ಸುಮಾರು 3,000 ಕೋಟಿ ರೂಪಾಯಿ ಪಡೆದಿದ್ದಾರೆಂದು 2021ರಲ್ಲಿ ಕೃಷಿ ಸಚಿವರೇ ಸಂಸತ್ತಿಗೆ ಹೇಳಿದರು. ಅವರಲ್ಲಿ ಆದಾಯ ತೆರಿಗೆ ಕಟ್ಟುವವರೂ ಇದ್ದರು. ಒಂದು ಕೈಯಲ್ಲಿ ತೆರಿಗೆ ಕಟ್ಟಿ ಇನ್ನೊಂದು ಕೈಯಲ್ಲಿ ಬಡ ರೈತನ ಕಂತು ಇಸಿದುಕೊಳ್ಳುವುದಕ್ಕೂ ಶ್ರದ್ಧೆ ಬೇಕು.

ಪೈಪು, ಟಾರ್ಪಾಲು, ಟಿಲ್ಲರ್ ಯಾರ್ಯಾರಿಗೆ ಹೋದವು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ದಾಟಬಾರದು. ಉತ್ತರಕ್ಕೂ ಮಿತಿ ಇದೆಯೋ ಏನೋ, ನನಗೆ ಬಂದದ್ದು ಒಂದೇ ಸಾಲು: 'ವೈಯಕ್ತಿಕ ಮಾಹಿತಿಯಾದ್ದರಿಂದ ನೀಡಲು ಬರುವುದಿಲ್ಲ.'

ಮೊದಲು ಹೀಗೆ ಒಂದೇ ಏಟಿಗೆ ಬಾಗಿಲು ಹಾಕಲು ಬರುತ್ತಿರಲಿಲ್ಲ. ಸಂಸತ್ತಿಗೆ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನ ಬಾಲದಲ್ಲಿತ್ತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಬಾಲವನ್ನು ಕತ್ತರಿಸಿತು. 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ಕತ್ತರಿ ಜಾರಿಗೆ ಬಂತು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎಂಬ 8(2) ಇನ್ನೂ ಉಳಿದಿದೆ, ನಿಜ. ಹಿತ ದೊಡ್ಡದೋ ಸಣ್ಣದೋ ಎಂದು ಅಳೆಯುವ ಕೋಲು ಮಾತ್ರ ಸಾಹೇಬರ ಮೇಜಿನ ಡ್ರಾಯರಿನಲ್ಲಿದೆ.

ಪೈಪಿಗೂ ಮಾನ ಇರುತ್ತದೆಂದು ನನಗೆ ತಿಳಿದದ್ದು ಆಗಲೇ. ಅಜ್ಜಿಯ ಎರಡು ಸಾವಿರ ಲೋಕದ ಆಸ್ತಿ, ಸಾಹುಕಾರರ ಪೈಪು ಖಾಸಗಿ ಬದುಕು!

1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಶಾಮಿಯಾನ ಹಾಕಿಸಿ, ಸರ್ಕಾರಿ ಕಾಮಗಾರಿಯ ಹಾಜರಿ ಪಟ್ಟಿಯನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸಿದ್ದರು. ಹೆಸರು ಕೇಳಿದವರೇ ಎದ್ದು ನಿಂತು, ಆ ಕೆಲಸಕ್ಕೆ ನಾನು ಹೋಗಿಯೇ ಇಲ್ಲ ಅಂದರು. ಮಾಹಿತಿ ಹಕ್ಕು ಕಾಯ್ದೆಯ ಬೇರು ಇರುವುದು ಆ ಶಾಮಿಯಾನದ ಕೆಳಗೆ. ಇವತ್ತಾಗಿದ್ದರೆ ಮೊದಲನೇ ಹೆಸರಿಗೇ ಮೈಕಿನ ವೈರು ಕೀಳುತ್ತಿದ್ದರೇನೋ.

ಆದರೆ ಕತ್ತರಿ ಹಿಡಿದವರು ಒಂದು ಕಲಮನ್ನು ಹಾಗೇ ಬಿಟ್ಟುಹೋಗಿದ್ದಾರೆ. ಸಹಾಯಧನ ಯೋಜನೆಗಳಿಗೆ ಎಷ್ಟು ಹಣ, ಫಲಾನುಭವಿಗಳು ಯಾರು ಎಂಬ ವಿವರವನ್ನು ಯಾರೂ ಕೇಳದಿದ್ದರೂ ಇಲಾಖೆಯೇ ಪ್ರಕಟಿಸಬೇಕು ಅನ್ನುತ್ತದೆ 4(1)(ಬಿ)(xii).

ಅದನ್ನೇ ಹಿಡಿದು ಮೊದಲ ಮೇಲ್ಮನವಿ ಹಾಕಿದ್ದೇನೆ. ನೀವೂ ನಿಮ್ಮೂರಿನ ಪೈಪಿನ ಲೆಕ್ಕ ಕೇಳಿ. ಉತ್ತರ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬೇಕು, ಮರೆಯಬೇಡಿ. ಅರ್ಜಿ ಮಾತ್ರ 150 ಪದ ದಾಟದಿರಲಿ.