ಷಿಕಾಗೋದ ಪುರಾತನ ಋಷಿ

1908ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ‘ದಿ ಕಿಬಾಲಿಯನ್’ ಎಂಬ ಪುಸ್ತಕ ಹೊರಬಂತು. ಬರೆದವರ ಹೆಸರಿಲ್ಲ, ದೀಕ್ಷೆ ಪಡೆದ ಮೂವರು ಎಂದಷ್ಟೇ ಇತ್ತು. ಒಳಗಿದ್ದದ್ದು ಪ್ರಾಚೀನ ಈಜಿಪ್ಟಿನ ಹರ್ಮೀಸನೆಂಬ ಋಷಿಯಿಂದ ಗುರುಶಿಷ್ಯರ ಬಾಯಿಂದ ಕಿವಿಗೆ ಇಳಿದು ಬಂದವೆನ್ನಲಾದ ಏಳು ತತ್ತ್ವಗಳು. ಪ್ರಕಾಶಕರ ವಿಳಾಸ ಷಿಕಾಗೋದ ಮೇಸಾನಿಕ್ ಟೆಂಪಲ್. ಹೆಸರಿನಲ್ಲಿ ಗುಡಿಯಿದ್ದರೂ ಅದು ಇಪ್ಪತ್ತು ದಾಟಿದ ಮಹಡಿಗಳ, ಲಿಫ್ಟು ಓಡಾಡುತ್ತಿದ್ದ ಕಟ್ಟಡ. ಈಜಿಪ್ಟಿನ ರಹಸ್ಯಕ್ಕೆ ಲಿಫ್ಟು ಹತ್ತಿ ಹೋಗಬೇಕಿತ್ತು.

ಆ ಮೂವರೂ ಒಬ್ಬರೇ ಎನ್ನುವುದು ಈಗ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1862ರಲ್ಲಿ ಬಾಲ್ಟಿಮೋರಿನಲ್ಲಿ ಹುಟ್ಟಿದ ವಿಲಿಯಂ ವಾಕರ್ ಅಟ್ಕಿನ್ಸನ್ ವೃತ್ತಿಯಿಂದ ವಕೀಲ. ಕೋರ್ಟು ಕಚೇರಿಯ ಒತ್ತಡದಲ್ಲಿ ಮೈ, ಮನಸ್ಸು, ದುಡ್ಡು ಮೂರೂ ಒಟ್ಟಿಗೆ ಕೈಕೊಟ್ಟವು. ಮನಸ್ಸನ್ನು ತಿದ್ದಿಕೊಂಡರೆ ಮೈಯೂ ತಿದ್ದುತ್ತದೆ ಎನ್ನುತ್ತಿದ್ದ ‘ನ್ಯೂ ಥಾಟ್’ ಪಂಥದವರ ಸಹವಾಸದಲ್ಲಿ ಆತ ಚೇತರಿಸಿಕೊಂಡ. ಆಮೇಲೆ ಬರೆಯಲು ಕೂತವನು ಏಳಲೇ ಇಲ್ಲ. ಒಂದು ಹೆಸರು ಸಾಲದೆ ಥೆರಾನ್ ಡ್ಯೂಮಾಂಟ್ ಆದ, ಸ್ವಾಮಿ ಪಂಚದಾಶಿ ಆದ, ಯೋಗಿ ರಾಮಚರಕ ಆಗಿ ಅಮೆರಿಕನ್ನರಿಗೆ ಪ್ರಾಣಾಯಾಮವನ್ನೂ ಹಠಯೋಗವನ್ನೂ ಕಲಿಸಿದ. ನಮ್ಮ ಕಡೆ ಸ್ವಾಮಿಗಳು ಪೂರ್ವಾಶ್ರಮದ ಹೆಸರನ್ನು ಬಿಡುತ್ತಾರೆ. ಈತ ಯಾವುದನ್ನೂ ಬಿಡದೆ ಎಲ್ಲ ಆಶ್ರಮಗಳನ್ನೂ ಏಕಕಾಲಕ್ಕೆ ನಡೆಸಿದ.

ಹರ್ಮೀಸನ ಹೆಸರಿನಲ್ಲಿ ನಿಜಕ್ಕೂ ಹಳೆಯ ಗ್ರೀಕ್ ಗ್ರಂಥಗಳಿವೆ. 1460ರ ದಶಕದ ಆರಂಭದಲ್ಲಿ ಅವುಗಳ ಹಸ್ತಪ್ರತಿ ಇಟಲಿಯ ಫ್ಲಾರೆನ್ಸಿನಲ್ಲಿ ಕೈಗೆ ಸಿಕ್ಕಾಗ ಮುದುಕನಾಗಿದ್ದ ಅಲ್ಲಿನ ಧಣಿ ಕೊಸಿಮೊ ಡಿ ಮೆಡಿಚಿ, ಪ್ಲೇಟೋನ ಅನುವಾದಕ್ಕೆ ಕೂತಿದ್ದ ಫಿಚಿನೊಗೆ ಅದನ್ನು ಪಕ್ಕಕ್ಕಿಟ್ಟು ಮೊದಲು ಇದನ್ನು ಮುಗಿಸು ಎಂದ. ಪ್ಲೇಟೋನಿಗಿಂತ ಹರ್ಮೀಸ್ ಎಷ್ಟೋ ಹಿಂದಿನವನೆಂಬ ನಂಬಿಕೆ. 1614ರಲ್ಲಿ ಐಸಾಕ್ ಕಸಾಬನ್ ಎಂಬ ಪಂಡಿತ ಆ ಗ್ರೀಕ್ ಭಾಷೆಯನ್ನು ಕೆದಕಿ ನೋಡಿ, ಇದು ಕ್ರಿಸ್ತನ ನಂತರದ ಬರವಣಿಗೆ ಎಂದು ತೋರಿಸಿಕೊಟ್ಟ. ಅಂದರೆ ಹರ್ಮೀಸನ ವಯಸ್ಸು ಏರಿಸಿ ಹೇಳುವುದು ಷಿಕಾಗೋದಲ್ಲಿ ಶುರುವಾದ ಚಾಳಿಯಲ್ಲ. ‘ಕಿಬಾಲಿಯನ್’ನ ಏಳು ತತ್ತ್ವಗಳ ಪಟ್ಟಿಯಂತೂ ಆ ಗ್ರೀಕ್ ಗ್ರಂಥಗಳಲ್ಲೂ ಇಲ್ಲ.

ಆದರೆ ಜಾತಕ ಸುಳ್ಳಾದ ಮಾತ್ರಕ್ಕೆ ಹುಡುಗ ಕೆಟ್ಟವನಾಗಬೇಕಿಲ್ಲವಲ್ಲ. ಏಳರಲ್ಲಿ ದಿನಬಳಕೆಗೆ ಒದಗುವುದು ನಾಲ್ಕನೆಯದು, ಧ್ರುವಗಳ ತತ್ತ್ವ. ಬಿಸಿ, ತಣ್ಣಗೆ ಎಂದು ಎರಡು ಬೇರೆ ವಸ್ತುಗಳಿಲ್ಲ. ಥರ್ಮಾಮೀಟರಿನಲ್ಲಿ ಎಲ್ಲಿ ಬಿಸಿ ಮುಗಿದು ತಂಪು ಶುರುವಾಯಿತೆಂದು ಗೆರೆ ಎಳೆಯಲಾಗದು. ಪ್ರೀತಿ, ದ್ವೇಷವೂ ಹಾಗೆಯೇ. ಭಯ, ಧೈರ್ಯವೂ ಹಾಗೆಯೇ. ಆದ್ದರಿಂದ ಕೆಟ್ಟ ಭಾವದ ಜೊತೆ ಗುದ್ದಾಡಬೇಡ, ಅದೇ ಪಟ್ಟಿಯ ಮೇಲೆ ಆಚೆಗೆ ಸರಿ ಎನ್ನುತ್ತದೆ ಪುಸ್ತಕ.

ಈ ಲೇಖಕ ಒಂದು ರಾತ್ರಿ ಊಟವಾದ ಮೇಲೆ ಇದನ್ನು ಹೆಂಡತಿಗೆ ವಿವರವಾಗಿ ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡು, “ಹಾಗಾದ್ರೆ ತೊಳೆದ ಪಾತ್ರೆ, ಮುಸುರೆ ಪಾತ್ರೆ ಎರಡೂ ಒಂದೇ ಅಂದ ಹಾಗಾಯ್ತು. ಸಿಂಕ್‌ನಲ್ಲಿ ಒಂದಷ್ಟು ಈ ತುದೀಲಿ ಬಿದ್ದಿವೆ ರೀ, ಸ್ವಲ್ಪ ಆ ತುದಿಗೆ ಸರಿಸಿ ಬನ್ನಿ” ಎಂದಳು. ಪಾತ್ರೆ ಉಜ್ಜುತ್ತಾ ನೆನಪಾದದ್ದು ಪತಂಜಲಿ. ಯೋಗಸೂತ್ರದ ಎರಡನೆಯ ಪಾದದ ಮೂವತ್ಮೂರನೆಯ ಸೂತ್ರದಲ್ಲಿ ಪ್ರತಿಪಕ್ಷಭಾವನೆಯ ಮಾತಿದೆ: ಕೆಟ್ಟ ಯೋಚನೆ ಕಾಡಿದಾಗ ಅದರ ಎದುರಿನದನ್ನು ಭಾವಿಸು ಎಂದು. ರಾಮಚರಕನೆಂಬ ಹೆಸರಿಟ್ಟುಕೊಂಡ ವಕೀಲನಿಗೆ ಇದು ಎಲ್ಲಿಂದ ಹೊಳೆದಿರಬಹುದೆಂಬ ಗುಮಾನಿ ಬಂದರೆ ಅದು ಗುಮಾನಿಯವರ ತಪ್ಪಲ್ಲ.

ಈ ಸರಿಯುವ ಕೆಲಸ ನಡೆಯುತ್ತದೆಯೇ? ನಡೆಯುತ್ತದೆ, ಒಂದೆರಡು ಗೆರೆಯಷ್ಟು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರನ್ನು ಅಪರಿಚಿತರ ಮುಂದೆ ಹಾಡಲು ನಿಲ್ಲಿಸಿದರು. ಅಂಕ ಕೊಟ್ಟದ್ದು ಕ್ಯಾರಿಯೋಕೆ ವಿಡಿಯೋ ಗೇಮು, ಆದ್ದರಿಂದ ದಾಕ್ಷಿಣ್ಯದ ಪ್ರಶ್ನೆಯಿಲ್ಲ. ಹಾಡುವ ಮುಂಚೆ ‘ನನಗೆ ದಿಗಿಲಾಗಿದೆ’ ಎಂದವರಿಗೆ ನೂರಕ್ಕೆ ಸುಮಾರು 53 ಬಂದರೆ, ‘ನನಗೆ ಉತ್ಸಾಹವಾಗಿದೆ’ ಎಂದವರಿಗೆ ಸುಮಾರು 80. ದಿಗಿಲಿನಲ್ಲೂ ಉತ್ಸಾಹದಲ್ಲೂ ಎದೆ ಹೊಡೆದುಕೊಳ್ಳುವುದು ಒಂದೇ ರೀತಿ. ಬದಲಾದದ್ದು ಅದಕ್ಕೆ ಅಂಟಿಸಿದ ಚೀಟಿ. ಸಮಾಧಾನವಾಗಿರು ಎಂಬ ಬುದ್ಧಿಮಾತು ಕೆಲಸಕ್ಕೆ ಬಾರದ್ದೂ ಇದಕ್ಕೇ. ದಡದಡ ಓಡುವ ಎದೆಯನ್ನು ಅಲ್ಲಿಂದಲ್ಲಿಗೇ ನಿಲ್ಲಿಸಲು ಅದೇನು ಸಿಟಿ ಬಸ್ಸೇ? ‘ಕಿಬಾಲಿಯನ್’ ಕೂಡ ಒಂದೇ ಜಾತಿಯ ಭಾವಗಳಲ್ಲಷ್ಟೇ ಅದಲುಬದಲು ಸಾಧ್ಯ ಎನ್ನುತ್ತದೆ. ವಕೀಲ ಷರತ್ತು ಹಾಕದೆ ಬರೆಯುತ್ತಾನೆಯೇ!

ಒಂದೇ ನೆಗೆತಕ್ಕೆ ಆಚೆ ತುದಿ ಸೇರಲು ಹೊರಟವರ ಕಥೆ ಬೇರೆ. ಕೆನಡಾದ ಜೊವಾನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ತನ್ನ ಬಗ್ಗೆಯೇ ತನಗೆ ಮರ್ಯಾದೆ ಇಲ್ಲದವರು ‘ನಾನು ಪ್ರೀತಿಗೆ ಅರ್ಹ’ ಎಂದು ಜಪಿಸಿದಾಗ ಮನಸ್ಸು ಇನ್ನಷ್ಟು ಕುಗ್ಗಿತು. 1991ರಲ್ಲಿ ಪ್ರಕಟವಾದ ಗೇಬ್ರಿಯಲ್ ಒಟಿಂಗೆನ್ ಅವರ ಅಧ್ಯಯನ ಇನ್ನೂ ರುಚಿಯಾಗಿದೆ. ತೂಕ ಇಳಿಸಲು ಬಂದ 25 ಹೆಂಗಸರಲ್ಲಿ ತೆಳ್ಳಗಾದ ತಮ್ಮನ್ನು ಬಣ್ಣಬಣ್ಣವಾಗಿ ಕಲ್ಪಿಸಿಕೊಂಡವರು, ಅಷ್ಟೇನೂ ಕನಸು ಕಾಣದವರಿಗಿಂತ ಒಂದು ವರ್ಷದಲ್ಲಿ ಸುಮಾರು 11 ಕಿಲೋ ಕಡಿಮೆ ಇಳಿದಿದ್ದರು. ಕನಸಿನಲ್ಲೇ ತೆಳ್ಳಗಾಗಿಬಿಟ್ಟ ಮೇಲೆ ಹೋಳಿಗೆಗೆ ತುಪ್ಪ ಬೇಡವೆನ್ನಲು ಕಾರಣವಾದರೂ ಏನಿದೆ?

ಇಷ್ಟೆಲ್ಲ ಓದಿಕೊಂಡ ಈ ಲೇಖಕನಿಗೆ ಪ್ರಯೋಗದ ಅವಕಾಶ ಒದಗಿದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ದವಡೆ ಹಲ್ಲಿಗೆ ರೂಟ್ ಕೆನಾಲ್. ತಲೆಯ ಮೇಲೆ ಬಿಳಿ ದೀಪ, ತುಟಿಯ ಮೂಲೆಯಲ್ಲಿ ಗೊರಗೊರ ಎಂದು ಎಂಜಲು ಹೀರುವ ಕೊಳವೆ, ಕುರ್ಚಿಯ ಕೈ ಹಿಡಿದ ಬೆರಳುಗಳಲ್ಲಿ ಬೆವರು. ಡ್ರಿಲ್ಲಿನ ಕೀರಲು ದನಿ ಎದ್ದ ಕೂಡಲೇ ಬ್ರೂಕ್ಸ್ ಅವರ ವಿಧಾನದಂತೆ ‘ನನಗೆ ಉತ್ಸಾಹವಾಗಿದೆ’ ಎಂದು ಬಾಯಿಬಿಟ್ಟೇ ಹೇಳಿದ. ಬಾಯಿ ಹೇಗೂ ಬಿಟ್ಟೇ ಇತ್ತು. ಹತ್ತಿ, ಕೊಳವೆ, ಮರಗಟ್ಟಿದ ನಾಲಿಗೆ ಇವುಗಳ ನಡುವೆ ಹೊರಬಂದದ್ದು “ಅಅಗೆ ಉಆಅ” ಎಂಬಂಥ ಒಂದು ನರಳಾಟ. ಡಾಕ್ಟರು ಡ್ರಿಲ್ ನಿಲ್ಲಿಸಿ, “ಇನ್ನೂ ನೋವಿದೆಯಾ ಸಾರ್?” ಎಂದವರೇ ಇನ್ನೊಂದು ಇಂಜೆಕ್ಷನ್ ಚುಚ್ಚಿದರು.