ಕುದುರೆ ಕೊಟ್ಟು ಕಾಲಾಳು ಕೊಂಡವರು

ಚೆಸ್ಸಿನಲ್ಲಿ ಪೆಟ್ರೋವ್ ಡಿಫೆನ್ಸ್ ಆಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಿಗೆ ಜಗಳ ಬೇಡ, ಬೆವರು ಬೇಡ. ಬಿಳಿಯವನು ತಮ್ಮ ಕಾಲಾಳಿನ ಮೇಲೆ ಕುದುರೆ ಬಿಟ್ಟರೆ ತಾವೂ ಅವನ ಕಾಲಾಳಿನ ಮೇಲೆ ಕುದುರೆ ಬಿಡುತ್ತಾರೆ. ಅವನೊಂದು ತಿಂದ, ಇವರೊಂದು ತಿಂದರು, ಲೆಕ್ಕ ಚುಕ್ತಾ. ಊಟದ ಹೊತ್ತಿಗೆ ಡ್ರಾ, ಒಂದು ಕೈಕುಲುಕು, ಅರ್ಧ ಅಂಕ. ಇಂಥ ಸಜ್ಜನರ ನೆಮ್ಮದಿ ಕೆಡಿಸಲೆಂದೇ ಹುಟ್ಟಿದ್ದು ಕಾಕ್ರೇನ್ ಗ್ಯಾಂಬಿಟ್.

ಬಿಳಿ ಕುದುರೆ ನಟ್ಟನಡುವಿನ ಕಾಲಾಳನ್ನು ನುಂಗಿ ಕೂತಿರುತ್ತದೆ. ಕಪ್ಪಿನವನು ಪಕ್ಕದ ಕಾಲಾಳನ್ನು ಒಂದು ಹೆಜ್ಜೆ ತಳ್ಳಿ, “ತಿಂದಾಯ್ತಲ್ಲ, ಇನ್ನು ಹೊರಡಿ” ಅನ್ನುತ್ತಾನೆ. ಮರ್ಯಾದಸ್ಥ ಕುದುರೆಗಳು ಹಿಂದೆ ಸರಿಯುತ್ತವೆ. ಕಾಕ್ರೇನನ ಕುದುರೆ ಮಾತ್ರ ಮುಂದಕ್ಕೇ ಹಾರಿ, ರಾಜನ ಮಗ್ಗುಲಿನ ಎಫ್7 ಕಾಲಾಳನ್ನೂ ತಿಂದು, ಮಂತ್ರಿಗೂ ಆನೆಗೂ ಒಟ್ಟಿಗೇ ಗುರಿಯಿಡುತ್ತದೆ. ಇನ್ನು ರಾಜ ತಾನೇ ಎದ್ದು ಬಂದು ಹೊಡೆಯಬೇಕು. ಹೊಡೆದನೋ, ಆನೆಯ ಮರೆಯಲ್ಲಿ ಅಡಗಿಕೊಳ್ಳುವ ಕ್ಯಾಸ್ಲಿಂಗ್ ಹೋಯಿತು. ಕುದುರೆಯ ಬೆಲೆ ಮೂರು, ಎರಡು ಕಾಲಾಳಿನ ಬೆಲೆ ಎರಡು. ನಷ್ಟ ಎಷ್ಟೆಂದು ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಲಾಭ? ನಾಲ್ಕನೇ ನಡೆಗೇ ಬೀದಿಗೆ ಬಿದ್ದ ರಾಜ. ಜೊತೆಗೆ, ಡ್ರಾ ಮಾಡಿಕೊಂಡು ಮನೆಗೆ ಹೋಗಲು ಬಂದವನ ಮುಖ!

ಜಾನ್ ಕಾಕ್ರೇನ್ ಸ್ಕಾಟ್ಲೆಂಡಿನವನು, ಕಲ್ಕತ್ತೆಯಲ್ಲಿ ಬ್ಯಾರಿಸ್ಟರ್. ವಕೀಲರು ಏನನ್ನೂ ಪುಕ್ಕಟೆ ಕೊಡುವುದಿಲ್ಲ ಎಂದು ಆಡಿಕೊಳ್ಳುವವರು ಇದನ್ನು ಗಮನಿಸಬೇಕು. 1848ರಲ್ಲಿ ಅವನು ಈ ಕುದುರೆದಾನ ಮಾಡಿದ್ದು ಮಹೇಶಚಂದ್ರ ಬ್ಯಾನರ್ಜಿ ಎಂಬ ಬಂಗಾಳಿ ಬ್ರಾಹ್ಮಣರಿಗೆ. ಹಳ್ಳಿಗಾಡಿನಲ್ಲಿ ಸೋಲನ್ನೇ ಕಾಣದ ಆಟಗಾರನೊಬ್ಬ ಇದ್ದಾನೆಂದು ಕೇಳಿ ಅವರ ಪರಿಚಯ ಮಾಡಿಕೊಂಡಿದ್ದ. ಆಮೇಲೆ ಇಬ್ಬರೂ ವರ್ಷಗಟ್ಟಲೆ, ನೂರಾರು ಆಟ ಆಡಿದರು. ತಮಾಷೆ ನೋಡಿ: ಮಹೇಶಚಂದ್ರರು ಕಲಿತು ಬಂದದ್ದು ನಮ್ಮ ಹಳೇ ಚದುರಂಗ. ಅದರಲ್ಲಿ ಕಾಲಾಳಿಗೆ ಒಂದೇ ಹೆಜ್ಜೆ, ಕ್ಯಾಸ್ಲಿಂಗ್ ಎಂಬುದೇ ಇಲ್ಲ. ಅಂಥವರ ಮುಂದೆ “ನಿಮ್ಮ ಕ್ಯಾಸ್ಲಿಂಗ್ ಕಿತ್ತುಕೊಂಡೆ” ಎಂದು ಬೀಗುವುದು ಯಾವ ಸೀಮೆಯ ವಕೀಲಿಕೆ!

ಸುಮಾರು ಅದೇ ಕಾಲದಲ್ಲಿ ಇತ್ತ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೆಯನ್ನು 64 ಮನೆಗಳಿಗೂ, ಮನೆಗೊಂದೇ ಸಲದಂತೆ, ಓಡಿಸುವ ಬಂಧಗಳನ್ನು ಹೆಣೆಯುತ್ತ ಕೂತಿದ್ದರು. ಅರಸರ ಕುದುರೆ ಇಡೀ ಮಣೆ ಸುತ್ತಿ ಬರುತ್ತಿತ್ತು, ಬ್ಯಾರಿಸ್ಟರನ ಕುದುರೆ ನಾಲ್ಕನೇ ನಡೆಗೇ ಸಾಯುತ್ತಿತ್ತು. ಕುದುರೆಗೂ ಯಜಮಾನನ ಯೋಗ ಬೇಕು.

ಕಂಪ್ಯೂಟರನ್ನು ಕೇಳಿದರೆ ಕಪ್ಪಿಗೇ ಮೇಲುಗೈ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಹೇಳಲಿ ಬಿಡಿ, ಅದಕ್ಕೇನು ಎದೆ ಡವಗುಟ್ಟುತ್ತದೆಯೇ? ಕಾಕ್ರೇನ್ ತಕ್ಷಣ ಒಂಟೆ ತಂದು ಚೆಕ್ ಕೊಡುತ್ತಿದ್ದ. ಈಗಿನ ಪೋಲಿಗಳು ಅದಕ್ಕಿಂತ ನಯವಂತರು. ಕುದುರೆ ಕಳೆದುಕೊಂಡದ್ದೇ ಗೊತ್ತಿಲ್ಲದವರ ಹಾಗೆ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ ಸುಮ್ಮನೆ ಕೂರುತ್ತಾರೆ. ಆಗ ಕಪ್ಪಿನವನಿಗೆ ಆಸೆ ಹುಟ್ಟಬೇಕು: ನಡುವೆ ಇನ್ನೊಂದು ಕಾಲಾಳು ಬಿಟ್ಟಿ ನಿಂತಿದೆಯಲ್ಲ! ಅವನ ಕುದುರೆ ಅದನ್ನು ತಿಂದರೆ ಬಿಳಿ ಮಂತ್ರಿ ಬೋರ್ಡಿನ ಅಂಚಿಗೆ ಬಂದು ಚೆಕ್ ಕೊಡುತ್ತಾನೆ. ಅಡ್ಡಕ್ಕೆ ಕಾಲಾಳು ತಳ್ಳಿದರೆ ನಡುವಿಗೆ ಬಂದು ಇನ್ನೊಂದು ಚೆಕ್, ಕುದುರೆ ಖಲಾಸ್. ಸಾಲ ತೀರಿತು, ರಾಜ ಇನ್ನೂ ಬೀದಿಯಲ್ಲೇ.

ಇದೆಲ್ಲ ಹವ್ಯಾಸಿಗಳ ಮಂಗಾಟ ಅನ್ನುತ್ತೀರಾ? 1999ರಲ್ಲಿ, ಸ್ಪೇನಿನ ಲಿನಾರೆಸ್ ಟೂರ್ನಿಯಲ್ಲಿ ವೆಸೆಲಿನ್ ಟೊಪಲೋವ್ ಇದೇ ಕುದುರೆಯನ್ನು ವ್ಲಾದಿಮಿರ್ ಕ್ರಾಮ್ನಿಕ್ ಮುಂದೆ ಎಸೆದರು. ಮರುವರ್ಷವೇ ಕ್ಯಾಸ್ಪರೋವ್‌ರಿಂದ ವಿಶ್ವಪಟ್ಟ ಕಿತ್ತುಕೊಂಡ ಅದೇ ಕ್ರಾಮ್ನಿಕ್! ಆಟ ಡ್ರಾ ಆಯಿತು. ಪೆಟ್ರೋವ್ ಆಡಿದವರಿಗೆ ಬೇಕಾದದ್ದೇ ಸಿಕ್ಕಿತು ಅನ್ನಿ, ಬೆವರಿನ ಸಮೇತ.

ಆಡಿಯೇ ತೀರುತ್ತೇನೆ ಎಂದು ತೋಳೇರಿಸುವ ಮುಂಚೆ ಒಂದು ಮಾತು. ಈ ಗ್ಯಾಂಬಿಟ್ಟಿಗೆ ಎದುರಾಳಿಯ ಸಹಕಾರ ಬೇಕು. ಅವನು ಪೆಟ್ರೋವ್ ಆಡಿದರೆ ಮಾತ್ರ ನಿಮ್ಮ ಕುದುರೆಗೆ ಸಾಯುವ ಭಾಗ್ಯ. ರಾತ್ರಿಯೆಲ್ಲ ಕೂತು ಬಾಯಿಪಾಠ ಮಾಡಿಕೊಂಡು ಹೋದಿರೋ, ಆ ಪುಣ್ಯಾತ್ಮ ಎರಡನೇ ನಡೆಗೆ ಇನ್ನೊಂದು ಕುದುರೆಯನ್ನು ಹೊರಗೆ ತಂದು, ಚಹಾ ತರಿಸಲೇ ಎಂದು ನಿಮ್ಮನ್ನೇ ಕೇಳುತ್ತಾನೆ.