ಇನ್ನೊಂದ್ಸಲ ಹಾಗೇ ಮಾಡಿ

ಕೊತ್ತಂಬರಿ ಸೊಪ್ಪು ತರಲು ನಮ್ಮ ಭಾವನನ್ನು ಕಳಿಸಬಾರದು. ಕಳಿಸಿದರೆ, ಸಾರಿಗೆ ಒಗ್ಗರಣೆ ಬಿದ್ದು, ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ಬರುತ್ತಾರೆ. ಕೈಯಲ್ಲಿ ಸೊಪ್ಪು ಇರುವುದಿಲ್ಲವೆಂದಲ್ಲ, ಇರುತ್ತದೆ, ಬಾಡಿರುತ್ತದೆ. ಮುಖ ಮಾತ್ರ ಅರಳಿರುತ್ತದೆ. "ಸೊಪ್ಪಿನವಳು ನೀರು ಚಿಮುಕಿಸ್ತಿದ್ಲು ಕಣೇ. ಹಿಂದಿನಿಂದ ಬಿಸಿಲು. ಒಂದೊಂದು ಹನಿಯೂ..." ಎಂದು ಶುರು ಮಾಡುವಷ್ಟರಲ್ಲಿ ಅಕ್ಕ ಸೊಪ್ಪು ಕಿತ್ತುಕೊಂಡು ಒಳಗೆ ಹೋಗಿರುತ್ತಾಳೆ. ಹನಿಗಳ ಕಥೆ ಕೇಳುವ ಪುಣ್ಯ ನನ್ನದು.

ಇಂಥವರೊಬ್ಬರು ನಿಮ್ಮ ಮನೆಯಲ್ಲೂ ಇದ್ದಾರು. ಭಾವನಲ್ಲದಿದ್ದರೆ ಚಿಕ್ಕಪ್ಪ, ಅವರೂ ಅಲ್ಲದಿದ್ದರೆ ಎದುರುಮನೆಯ ನಿವೃತ್ತ ಇಂಜಿನಿಯರು. ಗುರುತು ಹಿಡಿಯುವುದು ಸುಲಭ. ಏಪ್ರಿಲ್ ಬಿಸಿಲಿನಲ್ಲೂ ಮೈತುಂಬ ಜೇಬಿರುವ ಖಾಕಿ ಜಾಕೆಟ್ಟು, ಕೊರಳಿಗೆ ಕ್ಯಾಮೆರಾ, ಒಂದು ಕಣ್ಣು ಯಾವಾಗಲೂ ಅರೆಮುಚ್ಚು. ನಿಮ್ಮೊಡನೆ ಮಾತಾಡುವಾಗ ಮುಖ ನೋಡುವುದಿಲ್ಲ, ನಿಮ್ಮ ಕಿವಿಯಂಚಿನಲ್ಲಿ ನಿಂತ ಬೆಳಕು ನೋಡುತ್ತಿರುತ್ತಾರೆ. ಮದುವೆ ನಾಮಕರಣಗಳಿಗೆ ಕ್ಯಾಮೆರಾ ಹೊತ್ತು ಬಂದು "ಎಲ್ಲಾ ಈ ಕಡೆ ನೋಡಿ" ಅನ್ನುವ ನೆಂಟ ಬೇರೆ, ಇವರು ಬೇರೆ. ಆ ನೆಂಟನಿಂದ ಉಪಯೋಗ ಉಂಟು. ಭಾವನಿಗೆ ಸಮಾರಂಭ ಬೇಡ. ಬೇಕಾದದ್ದು ದಿನನಿತ್ಯದ ಬದುಕು. ಅತ್ತ ಗಟ್ಟಿಮೇಳ ಮೊಳಗಿ ತಾಳಿ ಬೀಳುತ್ತಿರುವಾಗ ಇವರು ಇತ್ತ ಅಡುಗೆಮನೆಯ ಹಿತ್ತಿಲಲ್ಲಿ ಬಾಳೆಲೆ ಒರೆಸುವ ಹುಡುಗನ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಸ್ವಂತ ಮಗಳ ಮದುವೆಯಲ್ಲೂ ಹಾಗೇ ಆಗಬೇಕಿತ್ತು. ಧಾರೆ ಎರೆಯುವವರು ಬೇಕೇ ಬೇಕೆಂದು ಪುರೋಹಿತರು ಹಟ ಹಿಡಿದದ್ದರಿಂದ ತಪ್ಪಿತು.

ರೀಲಿನ ಕಾಲದಲ್ಲಿ ಭಾವ ಹೀಗಿರಲಿಲ್ಲ. ಆಗ ಒಂದು ರೋಲಿಗೆ 36 ಫೋಟೋ. ಯುಗಾದಿಗೆ ಹಾಕಿದ ರೋಲು ದೀಪಾವಳಿಯ ಹೊತ್ತಿಗೂ ಮುಗಿಯುತ್ತಿರಲಿಲ್ಲ. ತೊಳೆಸಿ ತಂದಾಗ ಹೋಳಿಗೆಯಿಂದ ಹಿಡಿದು ಸುರುಸುರುಬತ್ತಿಯವರೆಗೆ ವರ್ಷವೆಲ್ಲ ಒಂದೇ ಲಕೋಟೆಯಲ್ಲಿ ಬರುತ್ತಿತ್ತು. ಬೆರಳಿಗೂ ಗುಂಡಿಗೂ ನಡುವೆ ಹಣವಿತ್ತು. ಒತ್ತುವ ಮುನ್ನ ಯೋಚನೆ ಇತ್ತು. ಬ್ಯಾಂಕಿನಿಂದ ನಿವೃತ್ತರಾಗಿ, ಬಂದ ಗ್ರಾಚ್ಯುಟಿಯಲ್ಲಿ ಒಂದು ಪಾಲು ಡಿಜಿಟಲ್ ಕ್ಯಾಮೆರಾಕ್ಕೆ ಹೋದದ್ದೇ ತಡ, ಯೋಚನೆಯೂ ನಿವೃತ್ತವಾಯಿತು. ಈಗ ಅವರ ಕಂಪ್ಯೂಟರಿನಲ್ಲಿ 'ಬದುಕು', 'ಬದುಕು 2', 'ಬದುಕು ಫೈನಲ್', 'ಬದುಕು ಫೈನಲ್ ಹೊಸದು' ಎಂಬ ಫೋಲ್ಡರುಗಳಿವೆ. 'ಬದುಕು ಡಿಲೀಟ್ ಮಾಡಬೇಕು' ಎಂಬುದೂ ಒಂದಿದೆ. ಅದನ್ನು ನೋಡಿ ಅಕ್ಕ ಒಂದು ರಾತ್ರಿ ನಿದ್ದೆ ಮಾಡಿರಲಿಲ್ಲ.

ಮೈಸೂರಿನಲ್ಲಿ ಕ್ಯಾಮೆರಾದವರಲ್ಲಿ ಎರಡು ಪಂಗಡ. ಬೆಳಗಿನ ಜಾವ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಮೊಳದುದ್ದದ ಲೆನ್ಸು ಹಿಡಿದು, ಉಸಿರು ಬಿಗಿಹಿಡಿದು ಹೆಜ್ಜಾರ್ಲೆಗಾಗಿ ಕಾಯುವವರು ಹಕ್ಕಿಯವರು. ಅದೇ ಏರಿಯಲ್ಲಿ, ಆ ಹಕ್ಕಿಯವರ ಫೋಟೋ ತೆಗೆಯಲು ಕಾಯುವ ನಮ್ಮ ಭಾವನಂಥವರು ಬೀದಿಯವರು. ಹಕ್ಕಿಯವರಿಗೆ ತೇಜಸ್ವಿ ಗುರು, ಬೀದಿಯವರಿಗೆ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿದ ಈ ಮೈಸೂರಿನ ಸತ್ಯನ್ ಸಾಮಾನ್ಯರನ್ನು ಅಷ್ಟು ಪ್ರೀತಿಯಿಂದ ತೆಗೆದವರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಇದಿಷ್ಟೂ ಭಾವನಿಗೆ ಸಹಸ್ರನಾಮದಂತೆ ಬಾಯಿಪಾಠ. "ಸತ್ಯನ್‌ಗೆ ಪೋಸ್ ಕೊಡಿಸೋದು ಬೇಕಿರಲಿಲ್ಲ ಕಣಯ್ಯಾ. ಜನ ಅವರ ಮುಂದೆ ಅವರ ಪಾಡಿಗೆ ಅವರು ಇರ್ತಿದ್ರು" ಎನ್ನುತ್ತಾರೆ. ಹಾಗೆನ್ನುತ್ತಲೇ ನನ್ನ ಕಾಫಿ ಲೋಟವನ್ನು ಎರಡಂಗುಲ ಎಡಕ್ಕೆ ಸರಿಸುತ್ತಾರೆ.

ಭಾವನ ಇನ್ನೊಬ್ಬ ದೇವರು ಫ್ರಾನ್ಸಿನ ಕಾರ್ತಿಯೆ ಬ್ರೆಸೋ. 1932ರಲ್ಲಿ ಪ್ಯಾರಿಸ್ಸಿನ ರೈಲ್ವೆ ನಿಲ್ದಾಣವೊಂದರ ಹಿಂದೆ, ನಿಂತ ನೀರನ್ನು ಹಾರಿ ದಾಟುತ್ತಿದ್ದ ಒಬ್ಬನ ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು ಅನ್ನುವಷ್ಟರಲ್ಲಿ ಗುಂಡಿ ಒತ್ತಿದ ಮಹಾನುಭಾವ. ಆ ಒಂದು ಕ್ಷಣ ತಪ್ಪಿದರೆ ಎಲ್ಲ ತಪ್ಪಿತು ಎಂಬುದು ಆ ಪಂಥದ ಸಿದ್ಧಾಂತ. ಭಾವನ ತೊಂದರೆಯೆಂದರೆ ಕ್ಷಣ ಮುಂದೆ ಹೋಗಿರುತ್ತದೆ, ಅವರು ಹಿಂದೆ ಬಂದಿರುತ್ತಾರೆ. ಹೋಟೆಲಿನಲ್ಲಿ ಕಾಫಿಯವನು ಲೋಟದಿಂದ ಬಟ್ಟಲಿಗೆ ಮಾರುದ್ದ ಕಾಫಿ ಎಳೆದು ನೊರೆ ಎಬ್ಬಿಸಿ ಮುಗಿಸಿದ ಮೇಲೆ ಇವರ ಲೆನ್ಸಿನ ಮುಚ್ಚಳ ಬಿಚ್ಚುತ್ತದೆ. ಆಗ ಬರುವ ಮಾತೇ ಅವರ ಜೀವನದ ಪಲ್ಲವಿ: "ಇನ್ನೊಂದ್ಸಲ ಹಾಗೇ ಮಾಡಪ್ಪಾ." ಕಾಫಿಯವನು ಮಾಡುತ್ತಾನೆ. ಬೆಳಕು ಸರಿಯಿಲ್ಲ, ಇನ್ನೊಂದ್ಸಲ. ಹಿಂದೆ ಕ್ಯಾಲೆಂಡರ್ ಬಂತು, ಇನ್ನೊಂದ್ಸಲ. ನಾಲ್ಕನೆಯ ಸಲಕ್ಕೆ ಕಾಫಿ ತಣ್ಣಗಾಗಿ ಆವಿಯೇ ಇಲ್ಲ. "ಆವಿ ಇಲ್ದೆ ಕಾಫಿ ಅನ್ಸಲ್ಲ" ಎಂದು ಭಾವ ಗೊಣಗುತ್ತಾರೆ. ಅಷ್ಟು ಹೊತ್ತು ಆ ಕಾಫಿಗಾಗಿ ಕಾಯುತ್ತಿದ್ದ ಗಿರಾಕಿ ಏನು ಗೊಣಗಿದನೆಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹಾಗೆಂದು ಪ್ರಯತ್ನಕ್ಕೇನೂ ಕೊರತೆಯಿಲ್ಲ. ಒಮ್ಮೆ ಮಳೆ ನಿಂತ ಸಂಜೆ, ದೇವರಾಜ ಮಾರುಕಟ್ಟೆಯ ಪಕ್ಕದ ರಸ್ತೆಯಲ್ಲಿ ಪ್ಯಾರಿಸ್ಸಿನದ್ದನ್ನೂ ಮೀರಿಸುವಂಥ ಹೊಂಡ ಸಿಕ್ಕಿತು. ಭಾವ ಗೋಡೆಗೊರಗಿ ಕೂತರು, ಯಾರಾದರೂ ಹಾರಲಿ ಎಂದು. ಇಲ್ಲಿ ಒಂದು ವಿಷಯ ಹೇಳಬೇಕು. ಮೈಸೂರಿನವರ ಸೌಜನ್ಯ ಎಲ್ಲದಕ್ಕೂ ಒಳ್ಳೆಯದು, ಬೀದಿ ಫೋಟೋಗೆ ಮಾತ್ರ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಯಾರೋ ಕ್ಯಾಮೆರಾ ಹಿಡಿದಿದ್ದಾರೆಂದರೆ ನಮ್ಮ ಜನ ಅಡ್ಡ ಹೋಗುವುದಿಲ್ಲ. ಮೊದಲು ಬಂದ ಹೆಂಗಸರಿಬ್ಬರು ಹೊಂಡದ ಈಚೆ ದಡದಲ್ಲಿ ನಿಂತರು. ಆಚೆಯಿಂದ ಬಂದ ಮಾಸ್ತರರಂಥವರು ಛತ್ರಿ ಮಡಿಸಿಕೊಂಡು ಆಚೆಯೇ ನಿಂತರು. ಹಿಂದಿನವರು ಅವರ ಹಿಂದೆ ನಿಂತರು. "ನೀವು ತಗೊಳ್ಳಿ ಸಾರ್, ನಮಗೇನೂ ಆತುರ ಇಲ್ಲ." "ಇಲ್ಲ ಇಲ್ಲ, ನೀವು ಹೋಗ್ಬೇಕು, ಹೋದ್ರೇನೇ ಫೋಟೋ." "ಛೆ ಛೆ, ನಿಮ್ಮದಾಗ್ಲಿ ಸಾರ್." ಎರಡೂ ಕಡೆ ಜನ ಸೇರಿ, ಏನೋ ಅಪಘಾತವಾಗಿದೆಯೆಂದು ಇನ್ನಷ್ಟು ಜನ ಸೇರಿ, ಹೊಂಡವೊಂದು ನಡುವೆ ಖಾಲಿ ಹೊಳೆಯುತ್ತ ಮಲಗಿತ್ತು. ಕಡೆಗೆ ಸೌಜನ್ಯ ಇನ್ನೂ ಕಲಿಯದ ಹುಡುಗನೊಬ್ಬ ಸೈಕಲ್ಲಿನಲ್ಲಿ ಬಂದು ನೀರು ಸೀಳಿಕೊಂಡು ಹೋದ. ಅದೇ ಆ ಕ್ಷಣ. ಅದು ಲೆನ್ಸಿನ ಒಳಕ್ಕಿಂತ ಲೆನ್ಸಿನ ಮೇಲೆ ಹೆಚ್ಚು ಬಿತ್ತು. ಬಂದ ಚಿತ್ರದಲ್ಲಿ ಮುಕ್ಕಾಲು ಪಾಲು ಕೆಸರು. "ಅದನ್ನ ಕತ್ತರಿಸಿದ್ರಾಯ್ತು. ಬ್ರೆಸೋನೂ ಆ ಫೋಟೋನ ಕತ್ತರಿಸಿದ್ದೇ, ಒಂದು ಕಡೆ ಬೇಲಿ ಬಂದಿತ್ತು" ಎಂದರು ಭಾವ, ಕನ್ನಡಕ ಒರೆಸಿಕೊಳ್ಳುತ್ತ. ಆ ಮಾತು ನಿಜವೇ. ಕೆಸರು ಕತ್ತರಿಸಿದರೆ ಉಳಿಯುವುದು ಸೈಕಲ್ಲಿನ ಹಿಂದಿನ ಮಡ್‌ಗಾರ್ಡು, ಅಷ್ಟೆ.

ದೇವರಾಜ ಮಾರುಕಟ್ಟೆ ಅವರ ಕಾಶಿ. 2016ರಲ್ಲಿ ಅದರ ಹೆಬ್ಬಾಗಿಲಿನ ಒಂದು ಭಾಗ ಕುಸಿದುಬಿದ್ದ ಮೇಲಂತೂ "ಇರುವಾಗಲೇ ತೆಗೆದಿಟ್ಕೋಬೇಕು" ಎಂಬ ಕಾರಣವೂ ಸಿಕ್ಕಿತು. ಈ ಮಾರುಕಟ್ಟೆಯ ವಿಷಯದಲ್ಲಿ ನಾನು ಭಾವನನ್ನು ಗೇಲಿ ಮಾಡಲಾರೆ. ಹುಟ್ಟಿದಾಗಿನಿಂದ ಆ ಓಣಿಗಳಲ್ಲಿ ಬಾಳೆಹಣ್ಣು ಚೌಕಾಸಿ ಮಾಡಿದ ನನಗೆ, ಮೇಲಿನ ಸಂದಿಯಿಂದ ಬೆಳಕಿನ ಕೋಲೊಂದು ಅರಿಸಿನದಂಗಡಿಯ ಮೇಲೆ ಇಳಿಯುತ್ತದೆ, ಅದರಲ್ಲಿ ಹಳದಿ ಧೂಳು ತೇಲುತ್ತದೆ ಎಂಬುದನ್ನು ತೋರಿಸಿದವರು ಅವರೇ. ಹೂವಿನವರ ಸಾಲಿನಲ್ಲಿ ಬೆರಳುಗಳು ಬಾಳೆನಾರಿಗೆ ಮಲ್ಲಿಗೆ ಸೇರಿಸುತ್ತ ಹೋಗುವಾಗ ಕಣ್ಣು ಹೂವಿನ ಮೇಲಿರುವುದೇ ಇಲ್ಲ, ಬೀದಿಯ ಗಿರಾಕಿಯ ಮೇಲಿರುತ್ತದೆ ಎಂಬುದನ್ನೂ. ನೋಡುವ ಕಣ್ಣು ಅವರಿಗಿದೆ, ಸಂಶಯವಿಲ್ಲ. ನೋಡಿದ ಮೇಲೆ ಸುಮ್ಮನಿರುವುದು ಗೊತ್ತಿಲ್ಲ.

ಆದರೆ ಮಾರುಕಟ್ಟೆಗೂ ಈಗ ಭಾವನಂಥವರ ಅಭ್ಯಾಸವಾಗಿದೆ. ಗೋಪುರ ಗೋಪುರವಾಗಿ ಪೇರಿಸಿದ ಬಣ್ಣಬಣ್ಣದ ಕುಂಕುಮದ ರಾಶಿಗಳನ್ನು ತೆಗೆಯದೆ ಹೋದ ಪ್ರವಾಸಿ ಇಲ್ಲ. ಕುಂಕುಮದವನು ಕ್ಯಾಮೆರಾ ಕಂಡೊಡನೆ ಕದಡಿದ ತುದಿಯನ್ನು ಚೂಪು ಮಾಡಿ, ತಾನು ಪಕ್ಕಕ್ಕೆ ಸರಿದು, ಗಂಧದೆಣ್ಣೆಯ ಶೀಶೆ ಕೈಗೆತ್ತಿಕೊಳ್ಳುತ್ತಾನೆ. ಫೋಟೋ ಪುಕ್ಕಟೆ, ಎಣ್ಣೆಗೆ ಕಾಸು. ಸಹಜವಾಗಿರುವುದನ್ನು ಹುಡುಕಿಕೊಂಡು ಹೋದ ಭಾವ ಅಲ್ಲಿಂದ ಮುಖ ಸಪ್ಪೆ ಮಾಡಿಕೊಂಡು ಹೂವಿನ ಮುದುಕಿಯ ಹತ್ತಿರ ಬಂದರು. "ಅಜ್ಜಿ, ನಿನ್ನ ಪಾಡಿಗೆ ನೀನು ಕಟ್ತಿರು, ನಾನಿಲ್ಲ ಅಂದ್ಕೋ" ಎಂದು ಕ್ಯಾಮೆರಾ ಎತ್ತಿದರು. ಅಜ್ಜಿ ತಲೆ ಎತ್ತದೆ ಹೇಳಿದಳು: "ಬಿಸ್ಲು ಇನ್ನೂ ಬಂದಿಲ್ಲ ಸಾಮಿ. ಹತ್ತೂವರೆಗೆ ಈ ಕಲ್ಲಿನ ಮ್ಯಾಕೆ ಬತ್ತದೆ. ನಿನ್ನೆ ಬಂದಿದ್ದ ದೊರೆಗಳೂ ಆಗ್ಲೇ ತಗುದ್ರು. ಅಷ್ಟೊತ್ಗೆ ನಾಕು ಮೊಳ ಕಟ್ಟಿರ್ತೀನಿ, ತಕ್ಕೊಂಡೋಗಿ." ಭಾವ ಹತ್ತೂವರೆಯವರೆಗೆ ಕಾದರು. ನಾಲ್ಕು ಮೊಳ ಹೂವೂ ಮನೆಗೆ ಬಂತು. ಆ ದಿನ ಅಕ್ಕನಿಗೆ ಫೋಟೋಗ್ರಫಿಯ ಬಗ್ಗೆ ಸ್ವಲ್ಪ ಗೌರವ ಮೂಡಿದ್ದನ್ನು ನಾನು ಕಂಡಿದ್ದೇನೆ.

ಭಾನುವಾರ ಸಂಜೆ ಅರಮನೆಯ ದೀಪ ಹತ್ತುವಾಗ ಇದೇ ಕಥೆ ಇನ್ನೊಂದು ತರ. ಹತ್ತಿರಹತ್ತಿರ ಒಂದು ಲಕ್ಷ ಬಲ್ಬು ಒಮ್ಮೆಗೇ ಹೊತ್ತಿಕೊಂಡಾಗ ನೆರೆದವರೆಲ್ಲ "ಹೋ" ಎಂದು ಮೊಬೈಲು ಎತ್ತುತ್ತಾರೆ. ಭಾವ ಅರಮನೆಗೆ ಬೆನ್ನು ತಿರುಗಿಸುತ್ತಾರೆ. "ಅರಮನೆ ಎಲ್ಲಾರೂ ತೆಗೀತಾರೆ. ನಾನು ನೋಡೋರ ಮುಖ ತೆಗೀತೀನಿ." ಒಳ್ಳೆಯ ಯೋಚನೆ. ಆದರೆ ಒಂದು ಸಂಜೆ ನಾನೇ ನೋಡಿದಂತೆ, ಅರಮನೆಗೆ ಬೆನ್ನು ಹಾಕಿ ಅದೇ ಯೋಚನೆ ಮಾಡಿದ್ದ ಜಾಕೆಟ್ಟಿನವರು ಇನ್ನೂ ಹಲವರಿದ್ದರು. ಒಬ್ಬರ ಚೌಕಟ್ಟಿನಲ್ಲಿ ಒಬ್ಬರು ಬಂದು, ಎಲ್ಲರೂ ಒಬ್ಬರನ್ನೊಬ್ಬರು ತೆಗೆದು, ದೀಪ ಆರಿತು. ಅಕ್ಕ ಮಾತ್ರ ಹುಲ್ಲಿನ ಮೇಲೆ ಕಾಲು ಚಾಚಿ ಚುರುಮುರಿ ತಿನ್ನುತ್ತ ಅರಮನೆ ನೋಡಿದಳು.

ನಿಜಕ್ಕೂ ಒಳ್ಳೆಯ ಚಿತ್ರ ಅವರು ತೆಗೆದದ್ದೊಂದಿದೆ. ಮಧ್ಯಾಹ್ನದ ಮಾರುಕಟ್ಟೆಯಲ್ಲಿ ಮೂಟೆ ಹೊರುವವನೊಬ್ಬ ಬಾಳೆದಿಂಡಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಾನೆ. ಅಂಗಾಲಿಗೆ ಕೆಂಪು ಕುಂಕುಮ ಮೆತ್ತಿದೆ. ನೋಡಿದವರು ಸುಮ್ಮನಾಗುತ್ತಾರೆ. ಅದು ಲೆನ್ಸಿನ ಮುಚ್ಚಳ ಹುಡುಕುವಾಗ ಬೆರಳು ತಾಗಿ ಬಿದ್ದದ್ದು ಎಂಬುದು ನನಗೂ ಅವರಿಗೂ ಮಾತ್ರ ಗೊತ್ತು. ಈಗ ನಿಮಗೂ.

ಭಾವನ ತಾಯಿ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು, ತೊಂಬತ್ತರ ಆಸುಪಾಸಿನಲ್ಲಿ ನೆಮ್ಮದಿಯಾಗಿ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಹಾರ ಹಾಕಲು ಫೋಟೋ ಬೇಕಲ್ಲ. "ಅದೇನು ಕಷ್ಟ, ಅಮ್ಮನ್ನ ತೆಗೆದಷ್ಟು ಯಾರನ್ನೂ ತೆಗೆದಿಲ್ಲ" ಎಂದು ಭಾವ 'ಬದುಕು'ಗಳನ್ನೆಲ್ಲ ತೆರೆದರು. ಅಕ್ಕಿ ಆರಿಸುತ್ತಿರುವ ಅಜ್ಜಿಯ ಕೈ ಇತ್ತು. ಅದೇ ಕೈಯ ಸುಕ್ಕು ಕಪ್ಪುಬಿಳುಪಿನಲ್ಲಿತ್ತು. ಬೆಳ್ಳಿಕೂದಲ ತುರುಬು, ಹಿಂದಿನಿಂದ. ಕಿಟಕಿಯ ಮುಂದೆ ಪೂರಾ ಕರಿಯ ಆಕೃತಿಯಾಗಿ ಕೂತ ಅಜ್ಜಿ. ಬಾಗಿಲ ಸಂದಿಯಲ್ಲಿ ಅಜ್ಜಿಯ ಕಾಲು. ಕಾಫಿಯ ಆವಿಯಲ್ಲಿ ಮುಖವೆಲ್ಲ ಮುಚ್ಚಿ ಒಂದು ಕಿವಿಯೋಲೆ. ಗೋಡೆಯ ಮೇಲೆ ಅಜ್ಜಿಯ ನೆರಳು, ಅದು ಯಾವುದೋ ಸ್ಪರ್ಧೆಗೂ ಹೋಗಿ ಬಂದಿತ್ತು. ಇದ್ದುದರಲ್ಲಿ ಪೂರ್ತಿ ಎನ್ನಬಹುದಾದದ್ದನ್ನು ಆರಿಸಿ ಫ್ರೇಮಿನ ಅಂಗಡಿಗೆ ಒಯ್ದೆವು. ಅಂಗಡಿಯವನು ಪರದೆಯನ್ನು ಹಿಗ್ಗಿಸಿ ಕುಗ್ಗಿಸಿ ನೋಡಿ, ಬಹಳ ವಿನಯದಿಂದ ಕೇಳಿದ: "ಸಾರ್, ಇದರಲ್ಲಿ ಕುಂಕುಮ ಎಲ್ಲಿ ಇಡೋದು?"

ಕಡೆಗೆ ಆಗಿ ಬಂದದ್ದು ಅಕ್ಕನ ಮೊಬೈಲು. ಯಾವುದೋ ಸಂಕ್ರಾಂತಿಯ ದಿನ, ಎದುರಿಗೆ ನಿಂತು, ಫ್ಲ್ಯಾಶ್ ಹಾಕಿ, ಅಜ್ಜಿ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ನಗುವಾಗ ತೆಗೆದದ್ದು. ಮೂಲೆಯಲ್ಲಿ ಅಕ್ಕನ ಹೆಬ್ಬೆರಳೂ ಇತ್ತು. ಅಂಗಡಿಯವನು ಹೆಬ್ಬೆರಳು ತೆಗೆದ, ಹಿಂದಿದ್ದ ಫ್ರಿಜ್ಜನ್ನು ಅಳಿಸಿ ನೀಲಿ ಮೋಡ ಹಾಕಿದ, ಚಿನ್ನದ ಅಂಚಿನ ಕಟ್ಟು ಹಾಕಿಸಿಕೊಟ್ಟ. ಬಂದ ನೆಂಟರೆಲ್ಲ "ಅಜ್ಜಿ ಎದ್ದು ಬಂದು ಮಾತಾಡಿಸೋ ಹಾಗಿದೆ" ಎಂದು ಕಣ್ಣೊರೆಸಿಕೊಂಡರು. ಭಾವ ಫೋಟೋದ ಮುಂದೆ ಬಹಳ ಹೊತ್ತು ನಿಂತಿದ್ದು, "ಬೆಳಕು ಸ್ವಲ್ಪ ಫ್ಲಾಟ್ ಆಯ್ತು" ಎಂದರು.

"ಮುಖ ಕಾಣ್ತಿದೆ ನೋಡಿ, ಅದಕ್ಕೇ ಹಾಗನ್ಸುತ್ತೆ" ಎಂದಳು ಅಕ್ಕ, ಹಾರ ಸರಿಮಾಡುತ್ತ.

ಅಂದಿನಿಂದ ನೆಂಟರಲ್ಲಿ ವಯಸ್ಸಾದವರು ಮನೆಗೆ ಬಂದರೆ ಕಾಫಿಯಾದ ಮೇಲೆ ಗಂಟಲು ಸರಿಮಾಡಿಕೊಂಡು ಅಕ್ಕನನ್ನೇ ಕರೆಯುತ್ತಾರೆ. "ಒಂದು ತೆಗೆದಿಟ್ಟುಬಿಡಮ್ಮಾ. ಮುಖ ಬರೋ ಹಾಗೆ." ಮೊನ್ನೆ ನಂಜನಗೂಡಿನ ದೊಡ್ಡಪ್ಪ ಬಂದಿದ್ದರು. ಜರಿ ಶಲ್ಯ ಹೊದ್ದು, ಹೊಸದಾಗಿ ಕ್ಷೌರ ಮಾಡಿಸಿಕೊಂಡೇ ಬಂದಿದ್ದರು. ಅಕ್ಕ ಅವರನ್ನು ಹಜಾರದ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ ಮೊಬೈಲು ಹಿಡಿದಳು. ಭಾವ ತಡೆಯಲಾರದೆ ಕ್ಯಾಮೆರಾ ತಂದು, ಕಿಟಕಿಯ ಕಡೆಯಿಂದ, ಶಲ್ಯದ ಅಂಚಿನಲ್ಲಿ ಬಿಗಿಯಾಗಿದ್ದ ದೊಡ್ಡಪ್ಪನ ಬೆರಳುಗಳಿಗೆ ಗುರಿಯಿಟ್ಟರು.

"ರೀ," ಎಂದಳು ಅಕ್ಕ, "ಸ್ವಲ್ಪ ಪಕ್ಕಕ್ಕೆ ಸರೀರಿ. ನೆರಳು ಬೀಳ್ತಿದೆ."